ಸಾಲ ತೀರಿದ ಮೇಲೂ ಉಳಿಯುವ ಬೋಜಾ: ಗೃಹಸಾಲದ ಋಣಮುಕ್ತಿ ಪತ್ರ ಹೇಗಿರಬೇಕು?

ನನ್ನ ಪರಿಚಯದ ನಿವೃತ್ತ ಮಾಸ್ತರರೊಬ್ಬರು ವಿಜಯಪುರದ ಜಲನಗರದಲ್ಲಿ 2004ರಲ್ಲಿ ಸಾಲ ತೆಗೆದು ಮನೆ ಕಟ್ಟಿಸಿದ್ದರು. ಹದಿನೆಂಟು ವರ್ಷ ಕಂತು ತುಂಬಿ, ಉಳಿದ ಬಾಕಿಯನ್ನು ನಿವೃತ್ತಿಯ ದುಡ್ಡಿನಲ್ಲಿ 2022ರಲ್ಲಿ ಚುಕ್ತಾ ಮಾಡಿದರು. ಆ ಮನೆಯನ್ನು ಮಾರಲು ಹೊರಟಾಗ ಗಿರಾಕಿ ಸಿಕ್ಕರು, ಸಂಚಕಾರವೂ ಕೈಗೆ ಬಂತು. ಆದರೆ ಕೊಳ್ಳುವವರಿಗೆ ಸಾಲ ಕೊಡಬೇಕಿದ್ದ ಬ್ಯಾಂಕಿನ ವಕೀಲರು, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ಪಟ್ಟಿ ಮಾಡುವ ಋಣಭಾರ ಪ್ರಮಾಣಪತ್ರವನ್ನು ಮೇಜಿನ ಮೇಲೆ ಹರಡಿ, ಅದರ ಒಂದು ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು, "ಸರ್, ನಿಮ್ಮ ಬೋಜಾ ಇನ್ನೂ ನಿಂತೈತಲ್ರೀ" ಎಂದರು. ಮಾಸ್ತರರು ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನ ಮಾಡಿಟ್ಟಿದ್ದ ಕಾಗದವೊಂದನ್ನು ಚೀಲದಿಂದ ತೆಗೆದು ಕೊಟ್ಟರು. ಸದರಿ ಸಾಲ ಖಾತೆಯು ಮುಕ್ತಾಯಗೊಂಡಿದೆ, ಯಾವುದೇ ಬಾಕಿ ಇರುವುದಿಲ್ಲ ಎಂದು ಸಾಲ ಕೊಟ್ಟಿದ್ದ ಬ್ಯಾಂಕು ಮೂರು ಸಾಲಿನಲ್ಲಿ ಬರೆದು ಮೊಹರು ಹಾಕಿದ್ದ ಪತ್ರ ಅದು. ವಕೀಲರು ಓದಿ ಹಿಂದಿರುಗಿಸಿದರು: "ಇದು ನಿಮಗ ಸಮಾಧಾನರೀ, ನೋಂದಣಿ ಪುಸ್ತಕಕ್ಕ ಅಲ್ಲ."

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಆಸ್ತಿಯ ಮೇಲಿನ ಋಣಕ್ಕೆ ಜನ ಬೋಜಾ ಎನ್ನುತ್ತಾರೆ. ಉತಾರದ (ಆಸ್ತಿಯ ದಾಖಲೆಯ) ಮೇಲೆ ಬೋಜಾ ಏರಿಸುವುದು, ಬೋಜಾ ಇಳಿಸುವುದು ಎಂಬ ಮಾತು ಹೊಲದ ಪಹಣಿಗೂ ಊರೊಳಗಿನ ಮನೆಗೂ ಒಂದೇ ರೀತಿ ಬಳಕೆಯಲ್ಲಿದೆ. ಈ ಆಡುಮಾತು ಕಾನೂನಿನ ಒಂದು ಸೂಕ್ಷ್ಮವನ್ನು ಸರಿಯಾಗಿಯೇ ಹಿಡಿದಿದೆ: ಸಾಲವು ನಿಮ್ಮ ಮತ್ತು ಬ್ಯಾಂಕಿನ ನಡುವಿನ ಲೆಕ್ಕ, ಬೋಜಾ ಎಂಬುದು ಮೂರನೆಯವರ ಕಚೇರಿಯ ಪುಸ್ತಕದಲ್ಲಿರುವ ನಮೂದು. ಲೆಕ್ಕ ಚುಕ್ತಾ ಆದ ಮಾತ್ರಕ್ಕೆ ನಮೂದು ತಾನಾಗಿ ಇಳಿಯುವುದಿಲ್ಲ. ಅದನ್ನು ಏರಿಸಿದ ದಾರಿಯಲ್ಲೇ ಇಳಿಸಬೇಕು. ಗೃಹಸಾಲ ತೀರಿಸಿದವರಲ್ಲಿ ಬಹಳಷ್ಟು ಮಂದಿ 'ಎನ್ಒಸಿ (ಬಾಕಿ ಇಲ್ಲವೆಂಬ ಬ್ಯಾಂಕಿನ ಪತ್ರ) ಸಿಕ್ಕಿತು, ಮೂಲ ಕಾಗದ ಸಿಕ್ಕವು' ಎಂಬಲ್ಲಿಗೆ ನಿಲ್ಲುವುದರಿಂದ ಮಾರಾಟ, ಹಿಸ್ಸೆ ಅಥವಾ ಹೊಸ ಸಾಲದ ಹೊತ್ತಿಗೆ ಈ ತೊಡಕು ಎದುರಾಗುತ್ತದೆ.

ಮೊದಲು ಬೋಜಾ ಹೇಗೆ ಏರಿತ್ತು ಎಂದು ನೋಡಬೇಕು. ಅಡಮಾನದ ಬಗೆಗಳನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಂ ಹೇಳುತ್ತದೆ. ಗೃಹಸಾಲಗಳಲ್ಲಿ ಹೆಚ್ಚಿನವು ಅದರ ಕೊನೆಯ ಬಗೆಗಳಲ್ಲೊಂದಾದ ಹಕ್ಕುಪತ್ರಗಳ ಠೇವಣಿಯ ಅಡಮಾನಗಳು. ಸಾಲಗಾರನು ಖರೀದಿ ಪತ್ರ ಮೊದಲಾದ ಮೂಲ ದಾಖಲೆಗಳನ್ನು ಸಾಲದ ಭದ್ರತೆಗೆಂದು ಬ್ಯಾಂಕಿನ ಕೈಗೆ ಕೊಟ್ಟರೆ ಅಷ್ಟಕ್ಕೇ ಅಡಮಾನ ಹುಟ್ಟುತ್ತದೆ, ಪ್ರತ್ಯೇಕ ಪತ್ರ ಬರೆಯಬೇಕೆಂದಿಲ್ಲ. ಆದರೆ ವ್ಯವಹಾರದಲ್ಲಿ ಬ್ಯಾಂಕುಗಳು ಅಷ್ಟಕ್ಕೆ ಬಿಡುವುದಿಲ್ಲ. ಠೇವಣಿ ಇಟ್ಟ ಸಂಗತಿಯನ್ನು ಒಂದು ಒಪ್ಪಂದ ಪತ್ರವಾಗಿ ಬರೆಸಿ, ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಶುಲ್ಕ ತುಂಬಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಹೀಗೆ ನೋಂದಾಯಿಸಿದ ಪತ್ರವೇ ಋಣಭಾರ ಪ್ರಮಾಣಪತ್ರದಲ್ಲಿ ಒಂದು ಸಾಲಾಗಿ ಕಾಣುವುದು. ಇನ್ನು ಕೆಲವು ಸಹಕಾರಿ ಬ್ಯಾಂಕುಗಳು ಮತ್ತು ಪತ್ತಿನ ಸಂಘಗಳು ಸಾದಾ ಅಡಮಾನ ಪತ್ರವನ್ನೇ ಬರೆಸಿಕೊಳ್ಳುತ್ತವೆ; ಹಳಬರು ಇಂದಿಗೂ ಅದನ್ನು ಗಹಾಣ ಪತ್ರ ಎನ್ನುತ್ತಾರೆ. ಇದಕ್ಕೆ ನೋಂದಣಿ ಕಡ್ಡಾಯ.

ಸಾಲ ತೀರಿದಾಗ ಸಾಲಗಾರನಿಗೆ ಏನು ಸಿಗಬೇಕೆಂಬುದನ್ನು ಅದೇ ಕಾಯ್ದೆಯ 60ನೇ ಕಲಂ ವಿವರಿಸುತ್ತದೆ. ಅಡಮಾನ ಪತ್ರವನ್ನೂ ಸ್ವತ್ತಿನ ದಾಖಲೆಗಳನ್ನೂ ಹಿಂದಿರುಗಿಸಬೇಕು. ಅಡಮಾನ ಹಿಡಿದವರ ಕೈಯಲ್ಲಿ ಸ್ವತ್ತಿನ ಸ್ವಾಧೀನವಿದ್ದರೆ ಅದನ್ನೂ ಬಿಟ್ಟುಕೊಡಬೇಕು. ಅಷ್ಟೇ ಅಲ್ಲದೆ, ಸ್ವತ್ತನ್ನು ಮರಳಿ ವರ್ಗಾಯಿಸಿಕೊಡಬೇಕು ಅಥವಾ ತಮಗಿದ್ದ ಹಕ್ಕು ನಶಿಸಿದೆ ಎಂದು ಬರಹದಲ್ಲಿ ಒಪ್ಪಿ ಸಹಿ ಮಾಡಿಕೊಡಬೇಕು, ಮತ್ತು ಅಡಮಾನವು ನೋಂದಾಯಿತ ಪತ್ರದ ಮೂಲಕ ಆಗಿದ್ದರೆ ಈ ಒಪ್ಪಿಗೆಯನ್ನೂ ನೋಂದಾಯಿಸಿಕೊಡಬೇಕು. ಸಾದಾ ಅಡಮಾನಕ್ಕೆ ಅನ್ವಯಿಸುವ ನಿಯಮಗಳು ಹಕ್ಕುಪತ್ರಗಳ ಠೇವಣಿಗೂ ಅನ್ವಯಿಸುತ್ತವೆ ಎಂದು 96ನೇ ಕಲಂ ಹೇಳುವುದರಿಂದ ಗೃಹಸಾಲದವರಿಗೂ ಈ ಹಕ್ಕು ಇದೆ. ಆದ್ದರಿಂದ ನೋಂದಾಯಿತ ಋಣಮುಕ್ತಿ ಪತ್ರವನ್ನು ಕೇಳುವುದು ಬ್ಯಾಂಕಿನ ಮುಂದೆ ಕೈಮುಗಿದು ಪಡೆಯಬೇಕಾದ ಉಪಕಾರವಲ್ಲ.

ಹಾಗಾದರೆ ಮೂರು ಸಾಲಿನ ಎನ್ಒಸಿಯನ್ನೇ ಉಪನೋಂದಣಿ ಕಚೇರಿಗೆ ಒಯ್ದು ಕೊಟ್ಟರೆ ಸಾಲದೇ? ಸಾಲದು, ಮತ್ತು ಅದಕ್ಕೆ ಕಾರಣ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲಿದೆ. ಅಡಮಾನದ ಹಣ ಸಂದಾಯವಾಯಿತೆಂಬ ರಸೀದಿಗೆ ನೋಂದಣಿ ಬೇಡ ಎಂದು ಅದರ ಒಂದು ವಿನಾಯಿತಿ ಹೇಳುತ್ತದೆ. ಆದರೆ ಆ ರಸೀದಿಯು ಅಡಮಾನವೇ ನಶಿಸಿತು ಎಂದು ಹೇಳುವಂತಿರಬಾರದು ಎಂಬ ಷರತ್ತು ಅದರೊಳಗೇ ಇದೆ. ಹಣ ಬಂತು ಎಂದಷ್ಟೇ ಹೇಳುವ ಕಾಗದ ಬಿಳಿಹಾಳೆಯಲ್ಲಿ ಇದ್ದರೂ ನಡೆಯುತ್ತದೆ. ಹಕ್ಕು ಹೋಯಿತು ಎಂದು ಹೇಳಬೇಕಾದ ಕಾಗದವು ನೋಂದಣಿಯಾಗಬೇಕು. ಬ್ಯಾಂಕಿನ ಎನ್ಒಸಿ ಮೊದಲ ಬಗೆಯದು, ಮಾಸ್ತರರಿಗೆ ಬೇಕಿದ್ದದ್ದು ಎರಡನೆಯದು. ನೋಂದಾಯಿತ ಪತ್ರವೇ ಇಲ್ಲದೆ ಬರೀ ದಾಖಲೆ ಠೇವಣಿಯಿಂದ ಆಗಿದ್ದ ಅಡಮಾನಕ್ಕೆ ಮಾತ್ರ, ಏರಿಸಿದ ನಮೂದೇ ಇಲ್ಲವಾದ್ದರಿಂದ, ದಾಖಲೆ ವಾಪಸು ಮತ್ತು ಎನ್ಒಸಿ ಸಾಕಾಗುತ್ತವೆ. ಬ್ಯಾಂಕಿನ ಕೌಂಟರಿನಲ್ಲಿ 'ನಮ್ಮಲ್ಲಿ ಎಲ್ಲರಿಗೂ ಇಷ್ಟೇ ಕೊಡೂದು' ಎಂಬ ಉತ್ತರ ಬರುವುದು ಈ ಎರಡು ಸಂದರ್ಭಗಳನ್ನು ಒಂದೇ ಎಂದು ತಿಳಿಯುವುದರಿಂದ.

ಈ ವಿಷಯಕ್ಕೆ ಈಚಿನ ವರ್ಷಗಳಲ್ಲಿ ಬಿರುಸು ಬಂದದ್ದು ಭಾರತೀಯ ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆಯಿಂದ. ಸಾಲ ಪೂರ್ಣವಾಗಿ ತೀರಿದ ಅಥವಾ ಇತ್ಯರ್ಥವಾದ 30 ದಿನಗಳೊಳಗೆ ಎಲ್ಲ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು ಮತ್ತು ಯಾವುದೇ ನೋಂದಣಿ ವ್ಯವಸ್ಥೆಯಲ್ಲಿ ದಾಖಲಾದ ಋಣಭಾರವನ್ನು ತೆಗೆಸಬೇಕು ಎಂದು ಅದು ವಿಧಿಸಿತು. ತಡವು ಸಾಲ ಕೊಟ್ಟವರಿಂದಲೇ ಆದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡಬೇಕು. ಮೂಲ ದಾಖಲೆ ಕಳೆದಿದ್ದರೆ ಅಥವಾ ಕೆಟ್ಟಿದ್ದರೆ, ದೃಢೀಕೃತ ನಕಲು ಪಡೆಯಲು ನೆರವಾಗಿ ಅದರ ಖರ್ಚನ್ನೂ ಅವರೇ ಭರಿಸಬೇಕು. ಈ ಸಂದರ್ಭದಲ್ಲಿ ಅವರಿಗೆ ಇನ್ನೂ 30 ದಿನ ಹೆಚ್ಚು ಸಿಗುತ್ತದೆ, ದಂಡದ ಎಣಿಕೆ 60 ದಿನ ಕಳೆದ ಮೇಲೆ ಶುರುವಾಗುತ್ತದೆ. ದಾಖಲೆಗಳನ್ನು ಸಾಲ ನಡೆದ ಶಾಖೆಯಲ್ಲೇ ಪಡೆಯಬೇಕೋ, ಅವು ಲಭ್ಯವಿರುವ ಬೇರೆ ಕಚೇರಿಯಲ್ಲೋ ಎಂಬ ಆಯ್ಕೆ ಸಾಲಗಾರನದು. ದಾಖಲೆ ಹಿಂದಿರುಗಿಸಬೇಕಾದ ದಿನವು 2023ರ ಡಿಸೆಂಬರ್ 1ರಂದು ಅಥವಾ ಅದರ ನಂತರ ಬರುವ ಪ್ರಕರಣಗಳಿಗೆ ಮಾತ್ರ ಈ ನಿಯಮ ಅನ್ವಯ. 2022ರಲ್ಲೇ ಸಾಲ ತೀರಿಸಿ ಕಾಗದ ಪಡೆದಿದ್ದ ನಮ್ಮ ಮಾಸ್ತರರಿಗೆ ಅದು ಒದಗಲಿಲ್ಲ; ಅವರ ಕೈಯಲ್ಲಿ ಉಳಿದದ್ದು 1882ರ ಕಾಯ್ದೆಯ ಕಲಮೊಂದೇ.

ಸುತ್ತೋಲೆಯ ಬಿಗಿ ಇರುವುದು 'ಯಾವುದೇ ನೋಂದಣಿ ವ್ಯವಸ್ಥೆ' ಎಂಬ ಮಾತಿನಲ್ಲಿ. ಸಾಲ ಕೊಡುವವರು ಇದನ್ನು ಓದುವಾಗ ಮೊದಲು ನೆನೆಯುವುದು ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯನ್ನು. ಭದ್ರತೆಯುಳ್ಳ ಸಾಲಗಳ ವಸೂಲಿಗೆಂದು ಬಂದ 2002ರ ಸರ್ಫೇಸಿ ಕಾಯ್ದೆಯಡಿ ಸ್ಥಾಪನೆಯಾಗಿ 2011ರ ಮಾರ್ಚ್ 31ರಿಂದ ಕೆಲಸ ಆರಂಭಿಸಿದ ಈ ನೋಂದಣಿಯ ಉದ್ದೇಶ, ಒಂದೇ ಆಸ್ತಿಯನ್ನು ಎರಡು ಮೂರು ಕಡೆ ಅಡವಿಟ್ಟು ಸಾಲ ಎತ್ತುವುದನ್ನು ತಡೆಯುವುದು. ಅಲ್ಲಿನ ನಮೂದನ್ನು ಬ್ಯಾಂಕು ತನ್ನ ಕಂಪ್ಯೂಟರಿನಿಂದಲೇ ತೆಗೆಯಬಹುದು, ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಸಾಲ ತೀರಿದ್ದನ್ನು 30 ದಿನಗಳೊಳಗೆ ತಿಳಿಸಬೇಕೆಂದು ಆ ಕಾಯ್ದೆಯ 25ನೇ ಕಲಮೂ ಹೇಳುತ್ತದೆ. ಉಪನೋಂದಣಿ ಕಚೇರಿಯ ಮಾತು ಬೇರೆ: ಅಲ್ಲಿಗೆ ಬ್ಯಾಂಕಿನ ಅಧಿಕಾರಿಯೊಬ್ಬರು ಕೆಲಸ ಬಿಟ್ಟು ಹೋಗಿ, ಸರದಿ ಕಾದು, ಫೋಟೋ ಮತ್ತು ಹೆಬ್ಬೆರಳು ಕೊಟ್ಟು ಪತ್ರ ಬರೆದುಕೊಟ್ಟದ್ದು ನಿಜವೆಂದು ಒಪ್ಪಬೇಕು. ನಾನು ಕಂಡಂತೆ ತಡವೆಲ್ಲ ಹುಟ್ಟುವುದು ಇಲ್ಲಿಯೇ. ಸುತ್ತೋಲೆಯು ಸೆರ್ಸಾಯ್ ಎಂದು ಹೆಸರು ಹಿಡಿದು ಹೇಳದೆ 'ಯಾವುದೇ' ಎಂದಿರುವುದರಿಂದ ಉಪನೋಂದಣಿ ಕಚೇರಿಯ ಪುಸ್ತಕವೂ ಅದರೊಳಗೆ ಬರುತ್ತದೆ ಎಂಬುದು ನನ್ನ ಓದು. ಆದರೆ ಖರ್ಚು ಯಾರದು ಎಂಬಲ್ಲಿ ಸಾಲಗಾರನ ವಾದ ಸ್ವಲ್ಪ ಸಡಿಲ: ಬಿಡುಗಡೆ ಪತ್ರದ ವೆಚ್ಚ ಅಡಮಾನ ಇಟ್ಟವನದು ಎಂದು 60ನೇ ಕಲಂ ಸ್ಪಷ್ಟವಾಗಿಯೇ ಹೇಳುತ್ತದೆ. ಆದ್ದರಿಂದ ಶುಲ್ಕವನ್ನು ತಾನು ತುಂಬುತ್ತೇನೆ, ಬಂದು ಸಹಿ ಮಾಡುವ ಹೊಣೆ ಮಾತ್ರ ನಿಮ್ಮದು ಎಂದು ಬರಹದಲ್ಲಿ ಮೊದಲೇ ತಿಳಿಸಿದ ಸಾಲಗಾರನು ತಡದ ಹೊರೆಯನ್ನು ಬ್ಯಾಂಕಿನ ಕಡೆಗೆ ಸರಿಸಿರುತ್ತಾನೆ.

ಈ ಸುತ್ತೋಲೆಯ ನೆರಳು ಎಲ್ಲರ ಮೇಲೂ ಬೀಳುವುದಿಲ್ಲ ಎಂಬುದನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಗೃಹ ಹಣಕಾಸು ಕಂಪನಿ, ಇತರ ಬ್ಯಾಂಕೇತರ ಹಣಕಾಸು ಕಂಪನಿ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಆದರೆ ಬೆಳಗಾವಿಯಿಂದ ವಿಜಯಪುರದವರೆಗೆ ಪ್ರತಿಯೊಂದು ತಾಲ್ಲೂಕು ಪೇಟೆಯಲ್ಲೂ ಕಾಣುವ ಪತ್ತಿನ ಸಹಕಾರಿ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲ, ಆದ್ದರಿಂದ ದಿನಕ್ಕೆ 5,000 ರೂಪಾಯಿಯ ಮಾತು ಅಲ್ಲಿ ನಡೆಯದು. ಎರಡನೆಯ ಮಿತಿ ಸಾಲದ ಬಗೆಗೆ ಸಂಬಂಧಿಸಿದ್ದು. ಸುತ್ತೋಲೆಯು 'ವೈಯಕ್ತಿಕ ಸಾಲ'ಗಳಿಗೆ ಅನ್ವಯವಾಗುತ್ತದೆ. ರಿಸರ್ವ್ ಬ್ಯಾಂಕಿನ ವ್ಯಾಖ್ಯೆಯಲ್ಲಿ ಮನೆ ಕಟ್ಟಲು ಅಥವಾ ಕೊಳ್ಳಲು ತೆಗೆದ ಸಾಲವೂ ಅದರಲ್ಲಿ ಸೇರುತ್ತದೆ. ಆದರೆ ರಬಕವಿ-ಬನಹಟ್ಟಿಯ ನೇಕಾರರೊಬ್ಬರು ಪವರ್‌ಲೂಮ್ ವ್ಯಾಪಾರಕ್ಕೆ ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲ ತೆಗೆದು ವಾಸದ ಮನೆಯನ್ನು ಭದ್ರತೆಗೆ ಕೊಟ್ಟಿದ್ದರೆ ಅದು ವ್ಯಾಪಾರದ ಸಾಲ. ಅಡವಾದದ್ದು ಮನೆಯೇ ಆದರೂ ಅದು ಗೃಹಸಾಲವಲ್ಲ. ಈ ಎರಡೂ ಗುಂಪಿನವರಿಗೆ ಆಧಾರ 60ನೇ ಕಲಮೇ.

ಈಗ ಪತ್ರದ ಒಳಗಿನ ಮಾತಿಗೆ ಬರೋಣ. ಋಣಮುಕ್ತಿ ಪತ್ರ, ಅಡಮಾನ ಬಿಡುಗಡೆ ಪತ್ರ, ಡಿಸ್ಚಾರ್ಜ್ ಡೀಡ್ ಎಂದು ಬೇರೆ ಬೇರೆ ಹೆಸರಿನಲ್ಲಿ ಬರೆಯುವ ಈ ದಾಖಲೆಯನ್ನು ಬರೆದುಕೊಡುವವರು ಬ್ಯಾಂಕಿನವರು, ಬರೆಯಿಸಿಕೊಳ್ಳುವವರು ಸಾಲಗಾರರು. ಅದರ ಜೀವಾಳವಾದ ವಾಕ್ಯ ಸುಮಾರಾಗಿ ಹೀಗಿರುತ್ತದೆ: "ಸದರಿ ಸಾಲದ ಅಸಲು, ಬಡ್ಡಿ ಹಾಗೂ ಇತರ ಎಲ್ಲ ಖರ್ಚುಗಳು ಪೂರ್ಣವಾಗಿ ಸಂದಾಯವಾಗಿರುವುದರಿಂದ, ಕೆಳಗಿನ ಷೆಡ್ಯೂಲಿನಲ್ಲಿ ವಿವರಿಸಿದ ಸ್ವತ್ತಿನ ಮೇಲೆ ನಮಗಿದ್ದ ಅಡಮಾನದ ಹಕ್ಕು ಸಂಪೂರ್ಣವಾಗಿ ನಶಿಸಿದ್ದು, ಸದರಿ ಸ್ವತ್ತನ್ನು ಋಣಮುಕ್ತಗೊಳಿಸಿ ಈ ಪತ್ರವನ್ನು ಬರೆದುಕೊಟ್ಟಿರುತ್ತೇವೆ." ಇದರಲ್ಲಿ 'ಹಕ್ಕು ನಶಿಸಿದೆ' ಎಂಬ ಮಾತು ಬಿಟ್ಟುಹೋಗಿ 'ಬಾಕಿ ಇರುವುದಿಲ್ಲ' ಎಂಬುದಷ್ಟೇ ಉಳಿದರೆ ನೋಂದಣಿ ಮಾಡಿಸಿಯೂ ರಸೀದಿಯನ್ನೇ ಮಾಡಿಸಿದಂತಾಗುತ್ತದೆ. ಯಾವ ಅಡಮಾನ ಎಂಬುದಕ್ಕೆ ಮೂಲ ಪತ್ರದ ನೋಂದಣಿ ಸಂಖ್ಯೆ, ದಿನಾಂಕ ಮತ್ತು ಯಾವ ಉಪನೋಂದಣಿ ಕಚೇರಿ ಎಂಬ ಮೂರೂ ಇರಬೇಕು. ಈ ಸಂಖ್ಯೆಯ ಕೊಂಡಿ ತಪ್ಪಿದರೆ ಮುಂದೆ ಪ್ರಮಾಣಪತ್ರ ಓದುವವರಿಗೆ ಯಾವ ಬೋಜಾಕ್ಕೆ ಯಾವ ಬಿಡುಗಡೆ ಎಂಬುದು ತಿಳಿಯುವುದಿಲ್ಲ. ಸಹ ಸಾಲಗಾರರ ಹೆಸರು, ಅದರಲ್ಲೂ ಹೆಂಡತಿಯ ಹೆಸರಿನಲ್ಲಿ ಸ್ವತ್ತಿದ್ದು ಗಂಡನ ಸಂಬಳದ ಮೇಲೆ ಸಾಲವಾಗಿದ್ದರೆ ಇಬ್ಬರ ಹೆಸರೂ, ಮೂಲ ಪತ್ರದಲ್ಲಿದ್ದಂತೆಯೇ ಬರಬೇಕು.

ಸ್ವತ್ತಿನ ವಿವರದಲ್ಲಿ ನಮ್ಮ ಜಿಲ್ಲೆಗಳಿಗೆ ತಮ್ಮದೇ ಸಿಕ್ಕುಗಳಿವೆ. ಬೆಳಗಾವಿ ಮತ್ತು ವಿಜಯಪುರ ನಗರಗಳಲ್ಲಿ ಒಂದೇ ಮನೆಗೆ ಸಿಟಿ ಸರ್ವೆಯ ಸಿ.ಟಿ.ಎಸ್. ನಂಬರ್, ಬಡಾವಣೆಯಾಗುವ ಮುಂಚಿನ ಆರ್.ಎಸ್. (ರೆವಿನ್ಯೂ ಸರ್ವೆ) ನಂಬರ್, ಪ್ಲಾಟ್ ನಂಬರ್, ಪಾಲಿಕೆಯ ಆಸ್ತಿ ಸಂಖ್ಯೆ ಎಂದು ನಾಲ್ಕು ಗುರುತುಗಳಿರುವುದು ಸಾಮಾನ್ಯ. ಅಡಮಾನ ಪತ್ರದಲ್ಲಿ ಯಾವುದಿತ್ತೋ ಅದನ್ನು ಮೊದಲು ಬರೆದು, ಈಗಿನದನ್ನು ಪಕ್ಕದಲ್ಲಿ ಸೇರಿಸುವುದು ಸುರಕ್ಷಿತ. ಕಂಪ್ಯೂಟರು ನಂಬರನ್ನು ಹುಡುಕುತ್ತದೆ, ಚತುಃಸೀಮೆ ಓದಿ ಇದೇ ಮನೆ ಎಂದು ಗುರುತಿಸುವ ಬುದ್ಧಿ ಅದಕ್ಕಿಲ್ಲ. '1024/2ಬಿ' ಎಂಬಲ್ಲಿ 'ಬಿ' ಬಿಟ್ಟರೆ ಬಿಡುಗಡೆಯ ಸಾಲು ಇನ್ನೊಬ್ಬರ ಮನೆಯ ಪ್ರಮಾಣಪತ್ರದಲ್ಲಿ ಹೋಗಿ ಕೂರಬಹುದು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದ ಮನೆಗಳಿಗೆ ಸೆಕ್ಟರ್ ಮತ್ತು ಪ್ಲಾಟ್ ಸಂಖ್ಯೆಯೇ ವಿಳಾಸ, ಅಲ್ಲಿ ಬ್ಯಾಂಕಿಗೆ ಒಪ್ಪಿಸಿದ ಮೂಲ ದಾಖಲೆಗಳ ಪಟ್ಟಿಯಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆ ಪತ್ರ ಮತ್ತು ಹಕ್ಕುಪತ್ರಗಳೂ ಇರುತ್ತವೆ. ಅವನ್ನು ಮರಳಿ ಪಡೆಯುವಾಗ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡದೆ ಸಹಿ ಹಾಕಿದವರು ಮುಂದೆ ಕಷ್ಟಪಡುತ್ತಾರೆ. ಊರ ಹೆಸರಿನ ವಿಚಾರವೂ ಇದೆ: 2014ರ ನವೆಂಬರ್ 1ಕ್ಕೆ ಮುಂಚಿನ ಪತ್ರಗಳು ಬಿಜಾಪುರ ಎನ್ನುತ್ತವೆ, 1997ಕ್ಕೆ ಮುಂಚೆ ಬಾಗಲಕೋಟೆಯೇ ಬಿಜಾಪುರ ಜಿಲ್ಲೆಯೊಳಗಿತ್ತು.

ಊರಿಗಿಂತ ಹೆಚ್ಚು ಬಾರಿ ಹೆಸರು ಬದಲಿಸಿದ್ದು ಬ್ಯಾಂಕುಗಳು. 2004ರಲ್ಲಿ ಬಿಜಾಪುರ ಗ್ರಾಮೀಣ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದ ಮುದ್ದತಿನ ಸಾಲ ತೆಗೆದವರೊಬ್ಬರನ್ನು ಊಹಿಸಿಕೊಳ್ಳಿ. ಆ ಬ್ಯಾಂಕು 2005ರಲ್ಲಿ ಮಲಪ್ರಭಾ ಮೊದಲಾದ ಗ್ರಾಮೀಣ ಬ್ಯಾಂಕುಗಳೊಡನೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. ಅದೂ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನೊಳಗೆ, ವಿಜಯಾ ಬ್ಯಾಂಕು ಅದಕ್ಕೆ ಒಂದು ವರ್ಷ ಮುಂಚೆ ಬ್ಯಾಂಕ್ ಆಫ್ ಬರೋಡಾದೊಳಗೆ ಹೋದವು. ಗೃಹಸಾಲಕ್ಕೇ ಹೆಸರಾಗಿದ್ದ ಎಚ್‌ಡಿಎಫ್‌ಸಿ ಲಿಮಿಟೆಡ್ 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾಯಿತು. ಅಡಮಾನ ಹಿಡಿದವರ ಹೆಸರು ಒಂದು, ಬಿಡುಗಡೆ ಮಾಡುವವರ ಹೆಸರು ಇನ್ನೊಂದು ಆದಾಗ ನಡುವಿನ ಕೊಂಡಿಯನ್ನು ಪತ್ರವೇ ಹೇಳಬೇಕು: ಇಂಥ ಬ್ಯಾಂಕು ಇಂಥ ದಿನಾಂಕದ ಅಧಿಸೂಚನೆಯಂತೆ ನಮ್ಮಲ್ಲಿ ವಿಲೀನವಾಗಿದ್ದು, ಅದರ ಹಕ್ಕುಬಾಧ್ಯತೆಗಳೆಲ್ಲ ನಮಗೆ ಬಂದಿವೆ ಎಂಬ ಒಂದು ವಾಕ್ಯ ಸಾಕು. ಈ ಒಂದು ವಾಕ್ಯವಿಲ್ಲದ್ದಕ್ಕೆ ಪತ್ರಗಳು ತಿದ್ದುಪಡಿಗೆ ಬಂದದ್ದನ್ನು ಕಂಡಿದ್ದೇನೆ.

ಸಹಿ ಮಾಡುವ ಅಧಿಕಾರಿಗೆ ಬ್ಯಾಂಕಿನ ಅಧಿಕಾರ ಪತ್ರ ಇರಬೇಕು, ಅದರ ಪ್ರತಿ ಪತ್ರದ ಜೊತೆ ಹೋಗಬೇಕು. ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕೆಂದು ನೋಂದಣಿ ಕಾಯ್ದೆಯ 23ನೇ ಕಲಂ ಹೇಳುತ್ತದೆ. ನಾಲ್ಕು ತಿಂಗಳು ಬಹಳ ಎನಿಸಬಹುದು. ಆದರೆ ಮ್ಯಾನೇಜರರ ವರ್ಗಾವಣೆಯ ಕಾಲಕ್ಕೆ ಸ್ವಲ್ಪ ಮುಂಚೆ ಸಹಿ ಮಾಡಿಸಿ ಕಪಾಟಿನಲ್ಲಿಟ್ಟವರು, ಸಹಿ ಮಾಡಿದವರೇ ಬಂದು ಒಪ್ಪಬೇಕೆಂದಾಗ ಅವರನ್ನು ಬೇರೆ ಜಿಲ್ಲೆಯಲ್ಲಿ ಹುಡುಕಬೇಕಾಗುತ್ತದೆ. ಆದ್ದರಿಂದ ಮೊದಲು ಕರಡನ್ನು ಬ್ಯಾಂಕಿನಿಂದ ಒಪ್ಪಿಸಿಕೊಂಡು, ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡ ಮೇಲೆಯೇ ಸಹಿಯ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಕರಡನ್ನು ಬಾಂಡ್ ರೈಟರರಿಂದ ಬರೆಸಿದರೂ ಸರಿ, ವಕೀಲರಿಂದ ಬರೆಸಿದರೂ ಸರಿ. ಬ್ಯಾಂಕಿನ ಕಾನೂನು ವಿಭಾಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೂತು ಅದನ್ನು ನೋಡಿ ಕಳಿಸಲು ಹಿಡಿಯುವ ದಿನಗಳೇ ಈ ಕೆಲಸದಲ್ಲಿ ಹೆಚ್ಚು.

ಮಾಸ್ತರರ ಪತ್ರ ನೋಂದಣಿಯಾದ ಮೇಲೆ ಹೊಸ ಋಣಭಾರ ಪ್ರಮಾಣಪತ್ರ ತೆಗೆಸಿದೆವು. 2004ರ ಸಾಲು ಇದ್ದಲ್ಲಿಯೇ ಇತ್ತು, ಅದಕ್ಕೆ ಜೊತೆಯಾಗಿ ಬಿಡುಗಡೆಯ ಹೊಸ ಸಾಲೊಂದು ಬಂದಿತ್ತು. "ಹಳೇದನ್ನ ಅಳಸಂಗಿಲ್ಲೇನ್ರೀ?" ಎಂದು ಅವರು ತುಸು ಬೇಸರದಿಂದಲೇ ಕೇಳಿದರು. ಅಳಿಸುವುದಿಲ್ಲ. ಋಣಭಾರ ಪ್ರಮಾಣಪತ್ರವು ಆಸ್ತಿಯ ಇಂದಿನ ಸ್ಥಿತಿಯನ್ನು ಹೇಳುವ ಕಾಗದವಲ್ಲ, ಕೇಳಿದ ಅವಧಿಯೊಳಗೆ ಅದರ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ವ್ಯವಹಾರವಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಅದು ಬರುತ್ತದೆ. ಸಾಲ ತೀರಿಸಿದವರು ನಮೂನೆ 16 ಬರಲಿ ಎಂದು ಕಾಯುವುದು ವ್ಯರ್ಥ. ಏರಿದ ಸಾಲು ಮತ್ತು ಇಳಿದ ಸಾಲು ಜೊತೆಜೊತೆಗಿರುವ ನಮೂನೆ 15ನ್ನು ಯಾವ ವಕೀಲರೂ ತಿರಸ್ಕರಿಸುವುದಿಲ್ಲ.

ಅಲ್ಲಿಗೂ ಕೆಲಸ ಮುಗಿದಿರಲಿಲ್ಲ. ಸಿಟಿ ಸರ್ವೆ ಕಚೇರಿಯ ಪಿ.ಆರ್. ಕಾರ್ಡಿನಲ್ಲಿ (ನಗರದ ಆಸ್ತಿಯ ಹಕ್ಕುದಾಖಲೆಯಲ್ಲಿ) ಬ್ಯಾಂಕಿನ ಹೆಸರು ಹಾಗೆಯೇ ಕೂತಿತ್ತು, ಏಕೆಂದರೆ 2004ರಲ್ಲಿ ಅಲ್ಲಿಯೂ ಪ್ರತ್ಯೇಕ ಅರ್ಜಿ ಕೊಟ್ಟು ಬೋಜಾ ಏರಿಸಲಾಗಿತ್ತು. ನೋಂದಾಯಿತ ಬಿಡುಗಡೆ ಪತ್ರದ ದೃಢೀಕೃತ ಪ್ರತಿ ಮತ್ತು ಬ್ಯಾಂಕಿನ ಎನ್ಒಸಿ ಸೇರಿಸಿ ಅಲ್ಲಿ ಇನ್ನೊಂದು ಅರ್ಜಿ ಕೊಡಬೇಕಾಯಿತು. ಮೊದಲು ತಿರಸ್ಕೃತವಾದ ಆ ಮೂರು ಸಾಲಿನ ಕಾಗದ ಇಲ್ಲಿ ಬೇಕಾದದ್ದನ್ನು ಕಂಡು ಮಾಸ್ತರರು ನಕ್ಕರು. ಪಾಲಿಕೆಯ ಅಥವಾ ಗ್ರಾಮ ಪಂಚಾಯಿತಿಯ ಉತಾರದಲ್ಲಿ ಬೋಜಾ ಬರೆಸಿದ್ದರೆ ಅಲ್ಲಿಗೂ ಇದೇ ಕ್ರಮ. ಸೆರ್ಸಾಯ್ ನಮೂದು ಹೋಗಿದೆಯೇ ಎಂಬುದನ್ನು ನಿಗದಿತ ಶುಲ್ಕ ತುಂಬಿ ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು.

ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಟೇಕೋವರ್ ಮಾಡಿಸಿದವರ ಗತಿ ಇನ್ನೂ ಸೂಕ್ಷ್ಮ. ಅರ್ಧ ಪರ್ಸೆಂಟ್ ಬಡ್ಡಿ ಕಡಿಮೆಯಾಯಿತೆಂಬ ಸಂತೋಷದಲ್ಲಿ, ಮೊದಲ ಬ್ಯಾಂಕು ದಾಖಲೆಗಳನ್ನು ನೇರ ಎರಡನೆಯ ಬ್ಯಾಂಕಿಗೆ ಕೊಟ್ಟ ಕಾರಣ, ಮೊದಲನೆಯದರ ಅಡಮಾನ ಬಿಡುಗಡೆಯಾಗಿಲ್ಲ ಎಂಬುದು ಗಮನಕ್ಕೇ ಬರುವುದಿಲ್ಲ. ವರ್ಷಗಳ ನಂತರ ಎರಡನೆಯ ಸಾಲ ತೀರಿದಾಗ ಆ ಬ್ಯಾಂಕಿನವರು ತಮ್ಮದನ್ನು ಬಿಡುಗಡೆ ಮಾಡುತ್ತಾರೆ, ಮೊದಲಿನದು ಅನಾಥವಾಗಿ ಉಳಿಯುತ್ತದೆ. ಸಾಲಗಾರ ತೀರಿಕೊಂಡಿದ್ದರೆ ವಾರಸುದಾರರಿಗೆ ದಾಖಲೆ ಹಿಂದಿರುಗಿಸುವ ಕ್ರಮವನ್ನು ಪ್ರತಿ ಸಂಸ್ಥೆಯೂ ಮೊದಲೇ ಗೊತ್ತುಮಾಡಿ ತನ್ನ ಜಾಲತಾಣದಲ್ಲಿ ಹಾಕಿರಬೇಕು ಎಂದು 2023ರ ಸುತ್ತೋಲೆ ಹೇಳಿದೆ. ಆ ಕ್ರಮದ ಒಂದು ಪ್ರತಿಯನ್ನು ತೆಗೆದುಕೊಂಡೇ ಶಾಖೆಗೆ ಹೋದರೆ ಒಂದೊಂದು ದಿನ ಒಂದೊಂದು ಕಾಗದ ಕೇಳಿಸಿಕೊಳ್ಳುವುದು ತಪ್ಪುತ್ತದೆ.

ತಕರಾರಿನ ದಾರಿ ಚಿಕ್ಕದು. ಕೊನೆಯ ಹಣ ಕಟ್ಟಿದ ದಿನವೇ ದಾಖಲೆ ವಾಪಸು ಮತ್ತು ಬಿಡುಗಡೆ ಪತ್ರ ಎರಡನ್ನೂ ಹೆಸರಿಸಿ ಅರ್ಜಿ ಕೊಟ್ಟು, ಎರಡನೆಯ ಪ್ರತಿಯ ಮೇಲೆ ಶಾಖೆಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು, ಏಕೆಂದರೆ 30 ದಿನ ಎಣಿಸುವಾಗ ಅದೇ ಸಾಕ್ಷಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ದೂರು ಇತ್ಯರ್ಥ ಮಾಡುವ ಅಧಿಕಾರಿ) ಮುಂದೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಪತ್ತಿನ ಸಂಘದವರ ವಿರುದ್ಧವಾದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಅಲ್ಲಿ ಎರಡು ವರ್ಷದ ಕಾಲಮಿತಿಯನ್ನು ಮರೆಯಬಾರದು.

ಹೊಲದ ಬೆಳೆಸಾಲಕ್ಕೆ ಈ ತಿರುಗಾಟದ ಬಹುಭಾಗವನ್ನು ಸರ್ಕಾರವೇ ತಪ್ಪಿಸಿದೆ ಎಂಬುದನ್ನು ನೋಡಿದರೆ ಮನೆಸಾಲದವರ ಪಾಡು ವಿಚಿತ್ರವೆನಿಸುತ್ತದೆ. ಅಲ್ಲಿ ಬ್ಯಾಂಕು ರೈತರ ವಿವರಗಳಿರುವ ಫ್ರೂಟ್ಸ್ ತಂತ್ರಾಂಶದ ಮೂಲಕ ಕಳಿಸಿದ ಘೋಷಣೆ ಉಪನೋಂದಣಿ ಕಚೇರಿಗೆ ಹೋಗಿ, ಅಲ್ಲಿಂದ ಪಹಣಿಗಳ ಭೂಮಿ ತಂತ್ರಾಂಶ ಸೇರಿ, ಪಹಣಿಯ 11ನೇ ಕಾಲಂನಲ್ಲಿ ಕಾಣುವ ವ್ಯವಸ್ಥೆ ಇದೆ. ಊರೊಳಗಿನ ಮನೆಗೆ ಅಂಥ ದಾರಿ ಆಗುವವರೆಗೆ ಸಾಲಗಾರನು ಕಾಲಾಡಿಸಲೇಬೇಕು. ಹೊಸದಾಗಿ ಸಾಲ ತೆಗೆಯುವವರಿಗೆ ಮಾತ್ರ ಒಂದು ಅನುಕೂಲವಿದೆ: 2023ರ ಡಿಸೆಂಬರ್ 1ರಿಂದೀಚಿನ ಮಂಜೂರಾತಿ ಪತ್ರಗಳಲ್ಲಿ ಮೂಲ ದಾಖಲೆಗಳನ್ನು ಯಾವ ಅವಧಿಯಲ್ಲಿ, ಎಲ್ಲಿ ಹಿಂದಿರುಗಿಸಲಾಗುವುದು ಎಂದು ಬರೆದಿರಬೇಕು. ಆ ಸಾಲಿನ ಕೆಳಗೆ, ನೋಂದಾಯಿತ ಬಿಡುಗಡೆ ಪತ್ರಕ್ಕೆ ಬ್ಯಾಂಕಿನ ಅಧಿಕಾರಿ ಉಪನೋಂದಣಿ ಕಚೇರಿಗೆ ಬರುತ್ತಾರೆ ಎಂಬ ಇನ್ನೊಂದು ಸಾಲನ್ನು ಬರೆಸಿಕೊಳ್ಳಲು ಸಾಲಕ್ಕೆ ಸಹಿ ಹಾಕುವ ದಿನಕ್ಕಿಂತ ಅನುಕೂಲವಾದ ದಿನ ಇನ್ನೊಂದು ಸಿಗುವುದಿಲ್ಲ.